ಕುರ್ಚಿಯನ್ನು ವಿಮಾನ ಹತ್ತಿಸಿದ್ದು

ನಮ್ಮ ಮನೆಯ ಬೆಕ್ಕು ಹಾಸಿಗೆ ಹಾಸಿಕೊಟ್ಟರೆ ಮಲಗುವುದಿಲ್ಲ. ಗೋಣಿಚೀಲ, ಹಳೆಯ ಸ್ವೆಟರು, ಇವರ ಪಂಚೆ ಮಡಿಸಿ ಮಾಡಿದ ಮೆತ್ತೆ, ಎಲ್ಲವನ್ನೂ ಒಮ್ಮೆ ಮೂಸಿ, ನನ್ನ ಮುಖ ನೋಡಿ, ಬಾಲ ಎತ್ತಿಕೊಂಡು ಹೊರಟುಹೋಗುತ್ತದೆ. ಅದಕ್ಕೆ ಬೇಕಾದದ್ದು ಮಹಡಿ ಮೆಟ್ಟಿಲ ಕೆಳಗೆ ತಳ್ಳಿಟ್ಟಿರುವ ಬೂದು ಬಣ್ಣದ ಪ್ಲಾಸ್ಟಿಕ್ ಕುರ್ಚಿ. ಕಾರಿನಲ್ಲಿ ಮಕ್ಕಳನ್ನು ಕೂರಿಸಿ ಬೆಲ್ಟು ಬಿಗಿಯುತ್ತಾರಲ್ಲ, ಅದು. ಅದರ ಎರಡು ಬದಿಗಳ ನಡುವೆ ಸುರುಳಿ ಸುತ್ತಿಕೊಂಡರೆ ಬೆಳಗಿನ ಹಾಲಿನಿಂದ ಸಂಜೆಯ ಸೊಪ್ಪಿನವಳ ಕೂಗಿನವರೆಗೆ ಅದಕ್ಕೆ ಲೋಕದ ಚಿಂತೆ ಇಲ್ಲ. ನಾನು ಪೊರಕೆ ಹಿಡಿದು ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ. ಹೊಟ್ಟೆಕಿಚ್ಚು ಅಂತ ಹೇಳಲು ನಾಚಿಕೆ. ಆದರೆ ಅದಕ್ಕೆ ಬೇರೆ ಹೆಸರೂ ನನಗೆ ಗೊತ್ತಿಲ್ಲ.

ಆ ಕುರ್ಚಿ ನಮ್ಮ ಮನೆಗೆ ಬಂದಾಗ ನಮಗೆ ಕಾರೇ ಇರಲಿಲ್ಲ. ಇದ್ದದ್ದು ಒಂದು ಸ್ಕೂಟರು. ನನ್ನ ಜೊತೆ ಕಾನ್ವೆಂಟಿನಲ್ಲಿ ಓದಿದ ಲವೀನಾ ಮದುವೆಯಾಗಿ ಹೊರದೇಶದಲ್ಲಿದ್ದಳು. ಕ್ರಿಸ್ಮಸ್ಸಿಗೆ ತವರಿಗೆ ಬಂದವಳು, ತನ್ನ ಮಗನಿಗೆ ಚಿಕ್ಕದಾಯಿತೆಂದು ವಾಪಸು ಹೋಗುವಾಗ ಅದನ್ನು ನಮ್ಮ ಮನೆಯಲ್ಲಿ ಇಳಿಸಿದಳು. ಬೇಡ ಎನ್ನಲು ನನಗೆ ಬರುವುದಿಲ್ಲ. ಅದು ನಮ್ಮ ಸಿಸ್ಟರುಗಳು ಕಲಿಸಿದ ಪಾಠ. ಹತ್ತು ವರ್ಷ ‘ಥ್ಯಾಂಕ್ಯೂ’ ಹೇಳಲು ಕಲಿಸಿದರೇ ಹೊರತು, ‘ನೋ’ ಅನ್ನುವುದನ್ನು ಒಂದು ದಿನವೂ ಕಲಿಸಲಿಲ್ಲ.

ಲವೀನಾ ಕುರ್ಚಿಯನ್ನು ಹಾಲಿನ ನಡುವೆ ಇಟ್ಟು, ಬಗ್ಗಿಸಿ, ಅದರ ಪಕ್ಕೆಯಲ್ಲಿ ಅಂಟಿಸಿದ್ದ ಒಂದು ಸ್ಟಿಕ್ಕರ್ ತೋರಿಸಿದಳು. ಕೆಂಪು ಅಕ್ಷರ.

“ಇದು ನೋಡ್ಕೋ ಶೈಲಾ. ವಿಮಾನದಲ್ಲೂ ಇಟ್ಕೋಬಹುದು ಅಂತ ಬರ್ದಿದೆ. ಅವರು ಕೇಳಿದ್ರೆ ಇದನ್ನ ತೋರಿಸ್ಬೇಕು, ಗೊತ್ತಾಯ್ತಾ?”

“ನಾನು ವಿಮಾನ ಹತ್ತೋದು ಯಾವಾಗ್ಲೇ? ನಾನು ಹತ್ತೋದು ಸಿಟಿ ಬಸ್ಸು” ಎಂದು ನಕ್ಕೆ.

ಆ ನಗುವಿಗೆ ಎಂಟು ತಿಂಗಳೂ ಆಯುಸ್ಸಿರಲಿಲ್ಲ. ಇವರು ಬ್ಯಾಂಕಿನಲ್ಲಿ ಆಫೀಸರು. ಪ್ರಮೋಷನ್ ಕೊಟ್ಟು ಶಿಲ್ಲಾಂಗಿಗೆ ಹಾಕಿದರು. ಬ್ಯಾಂಕಿನವರ ಮನೆಯಲ್ಲಿ ಪ್ರಮೋಷನ್ ಅಂದರೆ ಮೊದಲು ಸಿಹಿ ಹಂಚುತ್ತಾರೆ, ಆಮೇಲೆ ಭೂಪಟ ತೆಗೆಯುತ್ತಾರೆ. ಇವರು ಮುಂಚೆ ಹೋಗಿ ಮನೆ ಹಿಡಿದು, ಯಾರದೋ ಹಳೆಯ ಕಾರೊಂದನ್ನು ಕೊಂಡರು. ದಸರಾ ಮುಗಿಸಿ ನಾನು, ನಮ್ಮ ಮಗಳು ಚಿನ್ನಿ ಹೋಗುವುದೆಂದಾಯಿತು. ಅರ್ಧವಾರ್ಷಿಕ ಲೆಕ್ಕದ ಗಲಾಟೆಯಲ್ಲಿ ಇವರಿಗೆ ರಜ ಇಲ್ಲ. ಹಾಗಾಗಿ ನಾವಿಬ್ಬರೇ. ಬೆಂಗಳೂರಿನಿಂದ ಕಲ್ಕತ್ತಾ, ಅಲ್ಲಿ ವಿಮಾನ ಬದಲಾಯಿಸಿ ಗುವಾಹಟಿ, ಅಲ್ಲಿಂದ ಬೆಟ್ಟದ ದಾರಿಯಲ್ಲಿ ಕಾರು. ಚಿನ್ನಿಗೆ ಆಗಷ್ಟೇ ಎರಡು ತುಂಬಿತ್ತು. ಎರಡು ತುಂಬಿದ ಮಗುವಿಗೆ ವಿಮಾನದವರು ಅಮ್ಮನ ತೊಡೆಯನ್ನು ಒಪ್ಪುವುದಿಲ್ಲ, ಅದಕ್ಕೂ ಒಂದು ಟಿಕೆಟ್ಟು, ಒಂದು ಸೀಟು.

ಭಾನುವಾರದ ಫೋನಿನಲ್ಲಿ ಇವರು ಹೇಳಿದರು, “ಕುರ್ಚಿ ತಗೊಂಡು ಬಾ ಶೈಲಾ. ಇಲ್ಲಿ ಬರೀ ತಿರುವು, ಕಾರಿಗೆ ಬೇಕಾಗತ್ತೆ. ಆದ್ರೆ ವಿಮಾನದೊಳಗೆ ಅದರಲ್ಲೇ ಕೂರಿಸ್ತೀಯೋ, ಇಲ್ಲ ಕುರ್ಚೀನ ಲಗೇಜಿಗೆ ಹಾಕಿ ಮಗೂನ ಪಕ್ಕದಲ್ಲಿ ಹಿಡ್ಕೊಂಡು ಕೂರ್ತೀಯೋ, ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು.”

ಓದುವವರಲ್ಲಿ ಮದುವೆಯಾದ ಹೆಂಗಸರಿದ್ದರೆ ಅವರಿಗೆ ನಾನು ವಿವರಿಸಬೇಕಿಲ್ಲ. ‘ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು’ ಎನ್ನುವುದಕ್ಕಿಂತ ಭಾರವಾದ ಮಾತು ಸಂಸಾರದಲ್ಲಿ ಇನ್ನೊಂದಿಲ್ಲ. ಹೀಗೇ ಮಾಡು ಎಂದಿದ್ದರೆ ಗೊಣಗಿಕೊಂಡು ಮಾಡಬಹುದಿತ್ತು. ಈಗ ಗೊಣಗಲೂ ಯಾರೂ ಇಲ್ಲ.

ಮರುದಿನದಿಂದ ಕುರ್ಚಿಯ ವಿಚಾರ ನಮ್ಮ ಮನೆಯಲ್ಲಿ ಕಾಫಿಯ ಜೊತೆ ಏಳುತ್ತಿತ್ತು. ಎದುರು ಮನೆಯ ಪದ್ಮಕ್ಕ ಒಮ್ಮೆ ದೆಹಲಿಗೆ ವಿಮಾನದಲ್ಲಿ ಹೋಗಿ ಬಂದವರು. ಸಿದ್ಧಾರ್ಥನಗರದ ನಮ್ಮ ಕ್ರಾಸಿನಲ್ಲಿ ಆಕಾಶದ ವಿಷಯಕ್ಕೆಲ್ಲ ಅವರೇ ಪ್ರಮಾಣ.

“ಅಲ್ಲ ಕಣ್ರೀ ಶೈಲಾ, ಕಾರಲ್ಲಾದ್ರೆ ಸರಿ, ಸಡನ್ನಾಗಿ ಬ್ರೇಕ್ ಹಾಕ್ತಾರೆ. ಪ್ಲೇನಲ್ಲಿ ಯಾಕ್ರೀ ಬ್ರೇಕ್ ಹಾಕ್ತಾರೆ? ಮೇಲೆ ಅಡ್ಡ ಬರೋಕೆ ಹಸೂನಾ ಎಮ್ಮೇನಾ?”

“ಗಾಳೀಲೂ ಗುಂಡಿ ಇರತ್ತಂತೆ ಪದ್ಮಕ್ಕ. ಲವೀನಾ ಹೇಳಿದ್ಲು. ಆಗ ಕೈಯಲ್ಲಿ ಮಗು ನಿಲ್ಲೋದಿಲ್ವಂತೆ.”

“ನಮ್ಮ ರಸ್ತೇಲಿ ಇರೋ ಗುಂಡಿಗಿಂತಲಾ? ಅದನ್ನೇ ದಿನಾ ದಾಟ್ತೀವಿ.”

ಅತ್ತೆ ಅಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ನಮ್ಮ ಅತ್ತೆ ನಂಜನಗೂಡಿನ ಕಡೆಯವರು. ಬೆಳಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಇಟ್ಟರೆ ಸಂಜೆಯವರೆಗೆ ಅದರ ಒಂದು ಗೆರೆಯೂ ಅಳಿಸುವುದಿಲ್ಲ. ಅಭಿಪ್ರಾಯಗಳೂ ಹಾಗೆಯೇ.

“ಕಟ್ಟಾಕೋದಿಕ್ಕೆ ಅದೇನು ಕರುವೇನೇ?” ಎಂದರು. “ನಾನು ನನ್ನ ಮಕ್ಕಳನ್ನೆಲ್ಲ ಎತ್ತಿನ ಗಾಡೀಲಿ ಮಡಿಲಲ್ಲಿ ಕೂರಿಸ್ಕೊಂಡೇ ಬಂದೆ. ಒಂದಾದ್ರೂ ಉದುರೋಯ್ತಾ ಕೇಳು ನಿನ್ನ ಗಂಡನ್ನ.”

ಉದುರಿಹೋಗಿದ್ದರೆ ನನಗೆ ಕೇಳಲು ಗಂಡ ಇರುತ್ತಿರಲಿಲ್ಲ ಎನ್ನುವುದು ಹೊಳೆದರೂ, ಕಾನ್ವೆಂಟಿನವಳಾದ್ದರಿಂದ ಸುಮ್ಮನಿದ್ದೆ.

ಅವರು ಹೇಳಿದ್ದು ಸುಳ್ಳೂ ಅಲ್ಲ. ನಮ್ಮನ್ನೆಲ್ಲ ಯಾರು ಕಟ್ಟಿ ಕೂರಿಸಿದ್ದರು? ನಾನು ಹುಡುಗಿಯಾಗಿದ್ದಾಗ ಅಪ್ಪನ ಸ್ಕೂಟರಿನ ಮುಂಭಾಗದಲ್ಲಿ ನಿಂತೇ ಮೈಸೂರನ್ನೆಲ್ಲ ನೋಡಿದವಳು. ಮುಖಕ್ಕೆ ಗಾಳಿ, ಎರಡು ಕೈಯಲ್ಲಿ ಹ್ಯಾಂಡಲಿನ ನಡುಭಾಗ, ಬೆನ್ನಿಗೆ ಅಪ್ಪನ ಅಂಗಿಯ ಗುಂಡಿ. ಬ್ರೇಕು ಹಾಕಿದರೆ ಆ ಗುಂಡಿ ಬೆನ್ನಿಗೆ ಒತ್ತುತ್ತಿತ್ತು, ಅಷ್ಟೇ. ಹಿಂದೆ ಅಮ್ಮ ಒಂದು ಪಕ್ಕಕ್ಕೆ ಕೂತು, ತೊಡೆಯ ಮೇಲೆ ತಮ್ಮ, ತಮ್ಮನ ಮೇಲೆ ತರಕಾರಿ ಚೀಲ. ಅಜ್ಜಿ ಬಂದ ದಿನ ಜಟಕಾಗಾಡಿ. ಅದರಲ್ಲಿ ಕುದುರೆಯ ಹುಲ್ಲಿನ ಮೇಲೆ ಗೋಣಿ ಹಾಸಿ ನಮ್ಮನ್ನು ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುವಂತೆ ತುಂಬುತ್ತಿದ್ದರು. ಜಾರಲು ಜಾಗವೇ ಇರುತ್ತಿರಲಿಲ್ಲ. ಇಳಿದಾಗ ಲಂಗದ ತುಂಬ ಹುಲ್ಲು, ತೊಡೆಯ ಹಿಂದೆಲ್ಲ ಕಡಿತ. ಗಾಡಿಯವನು ಹಿಂದೆ ಭಾರ ಹೆಚ್ಚಾದರೆ “ಬುದ್ಧೀ, ದಪ್ಪ ಮಗ ಮುಂದಕ್ಕೆ ಬರ್ಲಿ” ಎನ್ನುತ್ತಿದ್ದ. ದಪ್ಪ ಮಗ ನಾನೇ. ಆ ಅವಮಾನದಲ್ಲಿ ಭಯಪಡುವುದಕ್ಕೂ ಪುರುಸೊತ್ತು ಇರಲಿಲ್ಲ.

ಹೀಗೆ ಬೆಳೆದವಳಿಗೆ ವಿಮಾನದಲ್ಲಿ ಮಗುವಿಗೊಂದು ಕುರ್ಚಿ ಬೇಕು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಏಕೆ ಬೇಕು ಎನ್ನುವುದನ್ನಂತೂ ಯಾರ ಹತ್ತಿರ ಹೇಳಲಿ? ನನಗೆ ಗಾಳಿಯ ಗುಂಡಿಯ ಭಯ ಇರಲಿಲ್ಲ. ನನ್ನ ನಿದ್ದೆಯ ಭಯ ಇತ್ತು.

ಚಿನ್ನಿ ಹುಟ್ಟಿದಾಗಿನಿಂದ ನಿದ್ದೆ ಮಾಡದ ಮಗು. ಕೆಲವು ಮಕ್ಕಳು ಅನ್ನ ಒಲ್ಲೆ ಎನ್ನುತ್ತವೆ, ಇದಕ್ಕೆ ನಿದ್ದೆ ಒಲ್ಲೆ. ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದರೆ ಕಣ್ಣು ಮುಚ್ಚುತ್ತಾಳೆ, ನಿಂತರೆ ತೆರೆಯುತ್ತಾಳೆ. ಇವರು ಊರಲ್ಲಿದ್ದಾಗ ಹೆಗಲು ಬದಲಾಯಿಸಲು ಒಬ್ಬರಿದ್ದರು. ಶಿಲ್ಲಾಂಗಿಗೆ ಹೋದ ಮೇಲೆ ಎರಡು ಹೆಗಲೂ ನನ್ನವೇ. ಅತ್ತೆಯ ಮಂಡಿ ನೋವಿಗೆ ನಡೆಯುವುದು ಆಗದು. ಹಾಗಾಗಿ ನನ್ನ ನಿದ್ದೆ ದಿನದಲ್ಲಿ ಎಲ್ಲಿ ಸಂದು ಸಿಕ್ಕರೆ ಅಲ್ಲಿ ಬಂದು ಕೂರುತ್ತಿತ್ತು. ಗ್ಯಾಸಿನ ಕ್ಯೂನಲ್ಲಿ ನಿಂತೇ ನಿದ್ದೆ ಮಾಡಿದ್ದೇನೆ. ಹಾಲು ಉಕ್ಕುವುದನ್ನು ಕಾಯುತ್ತ ನಿದ್ದೆ ಮಾಡಿ, ಉಕ್ಕಿದ ಮೇಲೂ ಕಾದಿದ್ದೇನೆ. ದೇವಸ್ಥಾನದಲ್ಲಿ ಮಂಗಳಾರತಿಗೆ ಕಣ್ಣು ಮುಚ್ಚಿ ಕೈಮುಗಿದವಳು ಎಲ್ಲರೂ ಪ್ರಸಾದ ತಗೊಂಡು ಹೋದರೂ ಹಾಗೇ ನಿಂತಿದ್ದೆ. “ಏನು ಭಕ್ತಿನಪ್ಪಾ ಈ ಹುಡುಗೀಗೆ!” ಎಂದು ಒಬ್ಬ ಅಜ್ಜಿ ಹೇಳಿದ್ದು ಕೇಳಿ ಎಚ್ಚರವಾಯಿತು. ಡಾಕ್ಟರು ಟಾನಿಕ್ ಬರೆದರು. ನೆಂಟರು, ತಾಯಿ ಅಂದಮೇಲೆ ನಿದ್ದೆ ಎಲ್ಲಿ ಬರಬೇಕು ಎಂದರು. ಬರುವುದೇ ಕಷ್ಟವಾಗಿದ್ದರೆ ಚೆನ್ನಾಗಿತ್ತು. ಅದು ಕರೆಯದೆ ಬರುತ್ತಿತ್ತು.

ಹಿಂದೆ ಶಾಲೆಯಲ್ಲಿ ನೀತಿಪಾಠದ ಪೀರಿಯಡ್ಡಿನಲ್ಲಿ ನಾನು ತೂಕಡಿಸಿದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎತ್ತರದಲ್ಲಿ ನಿಂತರೆ ನಿದ್ದೆ ಬರುವುದಿಲ್ಲ ಎನ್ನುವುದು ಅವರ ನಂಬಿಕೆ. ವಿಮಾನದ ಎತ್ತರವನ್ನು ನೆನೆದಾಗ ಅವರ ನೆನಪಾಗಿ ಸ್ವಲ್ಪ ಧೈರ್ಯ ಬರುತ್ತಿತ್ತು. ಆದರೆ ಅಲ್ಲಿ ನಿಲ್ಲುವುದಿಲ್ಲವಲ್ಲ, ಕೂರುವುದು. ಮೆತ್ತನೆಯ ಸೀಟು, ಒಂದೇ ಸಮನೆ ಗುಂಯ್‌ಗುಟ್ಟುವ ಶಬ್ದ, ಮಾಡಲು ಕೆಲಸವಿಲ್ಲ. ನಾನು ಮಲಗಿಯೇ ಮಲಗುತ್ತೇನೆ. ಆಗ ನನ್ನ ಕೈ ಸಡಿಲವಾಗುತ್ತದೆ. ದೊಡ್ಡವರ ಬೆಲ್ಟಿನಿಂದ ಆ ಕಡ್ಡಿಯಂಥ ಮಗು ನುಣುಚಿಕೊಂಡು ಎತ್ತ ಹೋಗುತ್ತದೋ?

ಇದು ಬರೀ ಕಲ್ಪನೆಯಲ್ಲ. ಅತ್ತೆಗೂ ಗೊತ್ತಿತ್ತು.

ಶಿಲ್ಲಾಂಗಿನ ಚಳಿಗೆಂದು ಸ್ವೆಟರು ಕೊಳ್ಳಲು ಲಷ್ಕರ್ ಮೊಹಲ್ಲಾಕ್ಕೆ ಹೋಗಿದ್ದೆವು, ನಾನು, ಅತ್ತೆ, ಚಿನ್ನಿ. ಮೂರು ಅಂಗಡಿ ಹತ್ತಿ ಇಳಿದು, ಅತ್ತೆ ಪ್ರತಿ ಸ್ವೆಟರನ್ನೂ ಎಳೆದೆಳೆದು ನೋಡಿ, ಅಂಗಡಿಯವನು “ಇನ್ನೂ ಎಳೀಬೇಡಿ ಅಮ್ಮಾ, ನಿಮ್ಮ ಮೊಮ್ಮಗಳ ಮದುವೇಗೂ ಆಗತ್ತೆ” ಎಂದ ಮೇಲೆ ಒಂದು ಕೆಂಪು ಸ್ವೆಟರು ಆರಿಸಿದರು. ವಾಪಸು ಬರಲು ಆಟೋ. ಮಧ್ಯಾಹ್ನದ ಬಿಸಿಲು, ತೊಡೆಯ ಮೇಲೆ ಚಿನ್ನಿ, ಪಕ್ಕದಲ್ಲಿ ಅತ್ತೆ. ಆಟೋ ಹೊರಟಿದ್ದು ನೆನಪಿದೆ. ಮುಂದೆ ನೆನಪಿರುವುದು ಕಿರ್ರೆಂದ ಬ್ರೇಕು, ಚಿನ್ನಿಯ ಕಿರುಚು. ಕಣ್ಣು ಬಿಟ್ಟಾಗ ನನ್ನ ಎರಡು ಕೈಗಳೂ ಸೀಟಿನ ಮೇಲೆ ಅಂಗಾತ ಬಿದ್ದಿದ್ದವು. ಅತ್ತೆ ಅರ್ಧ ಎದ್ದು, ಚಿನ್ನಿಯ ಫ್ರಾಕಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಮಗುವಿನ ತಲೆ ಆಟೋದ ಹೊರಗಿತ್ತು.

“ಅಮ್ಮಾ, ಮಗೂನ ಉಸಾರಾಗಿ ಇಡ್ಕಳ್ಳೀ! ಏನ್ ಹೆಂಗಸ್ರೋ!” ಎಂದು ಆಟೋದವನು ಹಿಂದಕ್ಕೆ ತಿರುಗಿ ಕೂಗಿದ.

“ನೀನು ಮುಂದೆ ನೋಡ್ಕೊಂಡು ಓಡ್ಸಪ್ಪ” ಎಂದರು ಅತ್ತೆ. “ನನ್ನ ಕೈಲಿತ್ತು ಮಗು. ನಾನೇ ಬಿಟ್ಟುಬುಟ್ಟೆ.”

ಚಿನ್ನಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಮನೆ ಬರುವವರೆಗೆ ಬೇರೆ ಮಾತಿಲ್ಲ. ಮನೆಗೆ ಬಂದ ಮೇಲೂ ಆ ಮಾತಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವರು ಸ್ವೆಟರಿನ ಬೆಲೆ ಹೆಚ್ಚಾಯಿತೆಂದು ಪದ್ಮಕ್ಕನ ಹತ್ತಿರ ಬೈದರು.

ಆಮೇಲೆ ಕುರ್ಚಿಯ ಮಾತು ನಮ್ಮ ಮನೆಯಲ್ಲಿ ನಿಂತುಹೋಯಿತು. ಬೇಕು ಎಂದು ನಾನು ಹೇಳಲಿಲ್ಲ, ಕರುವೇ ಎಂದು ಅವರು ಕೇಳಲಿಲ್ಲ.

ಆಯುಧಪೂಜೆಯ ದಿನ ಬಂತು. ನಮ್ಮ ಮೈಸೂರಿನಲ್ಲಿ ಆ ದಿನ ಕಬ್ಬಿಣ ಅಂತ ಕಂಡದ್ದಕ್ಕೆಲ್ಲ ಕುಂಕುಮ. ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ, ಮಿಕ್ಸಿ, ಬಾವಿಯಿಲ್ಲದಿದ್ದರೂ ಉಳಿದುಕೊಂಡಿದ್ದ ರಾಟೆ. ಇವರ ಸ್ಕೂಟರನ್ನು ನಾನು ಅಂಗಳದಲ್ಲಿ ತೊಳೆದು, ಚಿನ್ನಿಯನ್ನೂ ಅದೇ ನೀರಿನಲ್ಲಿ ತೊಳೆದು, ತಲೆ ಒರೆಸುತ್ತ ಒಳಗೆ ಬಂದೆ. ಹಾಲಿನ ನಡುವೆ, ರಂಗೋಲಿಯ ಮೇಲೆ, ಕುರ್ಚಿ ಕೂತಿತ್ತು. ಹಣೆಯ ಜಾಗದಲ್ಲಿ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಬೆಲ್ಟಿನ ಬೀಗಕ್ಕೂ ಅರಿಸಿನ. ಅತ್ತೆ ಕೈಯಲ್ಲಿ ನಿಂಬೆಹಣ್ಣು ಹಿಡಿದು ಅದರ ಸುತ್ತ ಬಗ್ಗಿ ಬಗ್ಗಿ ನೋಡುತ್ತಿದ್ದರು.

“ಚಕ್ರವೇ ಇಲ್ವಲ್ಲೇ ಇದಕ್ಕೆ! ನಿಂಬೆಹಣ್ಣು ಯಾವುದರ ಕೆಳಗೆ ಇಡ್ಲಿ?”

“ಅತ್ತೆ, ಅದು ವಾಹನ ಅಲ್ಲ.”

“ಮತ್ತೆ ಆಯುಧವಾ?”

“ಅದೂ ಅಲ್ಲ.”

“ಯಾವುದೋ ಒಂದು ಬುಡು. ಮಗೂನ ಕಾಯೋದು ತಾನೇ? ಹಂಗಾದ್ರೆ ಆಯುಧವೇ.” ನಾಲ್ಕು ಮೂಲೆಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು, “ಇದರಲ್ಲೇ ಕೂರಿಸ್ಕೊಂಡು ಹೋಗು ವಿಮಾನದಲ್ಲಿ. ಕಟ್ಟಿರತ್ತೆ. ನೀನು ಕಣ್ಣು ಮುಚ್ಚು.”

ನಮಸ್ಕಾರ ಮಾಡುವ ನೆಪದಲ್ಲಿ ಕುರ್ಚಿಯ ಮುಂದೆ ಬಗ್ಗಿದೆ. ಬಗ್ಗಿದಾಗ ಕಂಡಿತು. ಅದರ ಪಕ್ಕೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಂಪು ಅಕ್ಷರದ ಸ್ಟಿಕ್ಕರ್ ಇರಲಿಲ್ಲ.

“ಅತ್ತೆ, ಇಲ್ಲೊಂದು ಸ್ಟಿಕ್ಕರ್ ಇತ್ತಲ್ಲ...”

“ಅಯ್ಯೋ, ಅದನ್ನ ತೆಗೆಯೋಕೆ ಬೆಳಿಗ್ಗೆಯಿಂದ ಸಾಕಾಗೋಯ್ತು ಕಣೇ! ಬಿಸಿನೀರು ಹಾಕ್ದೆ, ಬರ್ಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ನೆನೆಯಾಕಿ, ಹುಣಿಸೆಹಣ್ಣಲ್ಲಿ ಉಜ್ಜಿ, ಆಮೇಲೆ ಉಗುರಲ್ಲಿ ಕೆರೆದೆ. ಚೀಟಿ ಅಂಟಿಸ್ಕೊಂಡು ಪೂಜೆಗೆ ಇಡ್ತಾರಾ ಯಾರಾದ್ರೂ?”

ಈ ಮಾತಿಗೆ ಎದುರಿಲ್ಲ. ನಮ್ಮ ಕಡೆ ಹೊಸ ಸ್ಟೀಲ್ ಪಾತ್ರೆ ತಂದರೆ ಹೆಂಗಸಿನ ಮೊದಲ ಕೆಲಸವೇ ಅದರ ಚೀಟಿ ಬಿಡಿಸುವುದು. ಚೀಟಿಯ ಅಂಟು ಉಳಿದ ಲೋಟದಲ್ಲಿ ನೆಂಟರಿಗೆ ನೀರು ಕೊಟ್ಟವಳ ಹೆಸರು ನೆಂಟರಲ್ಲೆಲ್ಲ ಹರಡುತ್ತದೆ. ಅತ್ತೆ ಆ ಕುರ್ಚಿಯನ್ನು ಒಪ್ಪಿಕೊಂಡ ಮೇಲೆ ಮನೆಯ ಪಾತ್ರೆಗೆ ಮಾಡುವ ಮರ್ಯಾದೆಯನ್ನೇ ಅದಕ್ಕೂ ಮಾಡಿದ್ದರು. ಅವರ ಬಲಗೈಯ ಹೆಬ್ಬೆರಳಿನ ಉಗುರು ತುದಿಯಲ್ಲಿ ಸೀಳಿತ್ತು.

“ಯಾಕೇ, ಏನಾರ ಬೇಕಾಗಿತ್ತಾ ಅದು?”

“ಏನಿಲ್ಲ ಅತ್ತೆ. ಚೆನ್ನಾಗಿ ಹೊಳೀತಿದೆ.”

ಮುಂದಿನ ಭಾನುವಾರ ಇವರಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದೆ. ಆ ಕಡೆಯಿಂದ ನಗು. “ಅಮ್ಮ ಕೆರೆದಿದ್ರೆ ಮುಗೀತು. ಆ ಸ್ಟಿಕ್ಕರ್ ಅಲ್ಲ, ಅದರ ಆತ್ಮಾನೂ ಉಳಿದಿರಲ್ಲ” ಎಂದರು. “ಒಳಗೆ ಬಿಡದಿದ್ರೆ ಲಗೇಜಿಗೆ ಹಾಕು. ಮಗೂನ ಹಿಡ್ಕೊಂಡು ಕೂತ್ಕೋ, ಏನಾಗಲ್ಲ.”

ಏನಾಗಲ್ಲ. ನನ್ನ ಕೈಗಳನ್ನು ನೋಡಿಕೊಂಡೆ.

ನಾವು ಹೊರಟ ಮೇಲೆ ಅತ್ತೆ ಒಂಟಿಕೊಪ್ಪಲಿನಲ್ಲಿ ನಮ್ಮ ಭಾವನವರ ಮನೆಯಲ್ಲಿರುವುದೆಂದು ಮೊದಲೇ ಮಾತಾಗಿತ್ತು. ಭಾವನವರೇ ನಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಬಂದು ವಿಮಾನ ನಿಲ್ದಾಣದ ಬಾಗಿಲಲ್ಲಿ ಬಿಟ್ಟರು. ಒಂದು ಕೈಯಲ್ಲಿ ಚಿನ್ನಿ, ಇನ್ನೊಂದರಲ್ಲಿ ಕುರ್ಚಿ, ಹೆಗಲಲ್ಲಿ ಚೀಲ, ಚೀಲದಲ್ಲಿ ಅತ್ತೆ ಕಟ್ಟಿಕೊಟ್ಟ ಚಪಾತಿ. ಕೌಂಟರಿನ ಹುಡುಗ ಕುರ್ಚಿಯನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗಿ ಒಬ್ಬ ಹೆಂಗಸನ್ನು ಕರೆತಂದ. ಕೊರಳಲ್ಲಿ ಸ್ಕಾರ್ಫು, ಕನ್ನಡದ ಮುಖ.

“ಇದು ವಿಮಾನಕ್ಕೆ ಆಗತ್ತೆ ಅಂತ ಎಲ್ಲಾದ್ರೂ ಬರ್ದಿರ್ಬೇಕಲ್ಲ ಮೇಡಂ. ಎಲ್ಲಿದೆ?”

ಏನಾದರೂ ಸುಳ್ಳು ಹೇಳಬಹುದೇ ಎಂದು ಒಂದು ಕ್ಷಣ ಯೋಚಿಸಿದೆ. ಸುಳ್ಳು ಕಟ್ಟುವುದಕ್ಕೂ ಸ್ವಲ್ಪ ನಿದ್ದೆ ಮಾಡಿರಬೇಕಾಗುತ್ತದೆ.

“ಬರೆದಿತ್ತು. ನಮ್ಮತ್ತೆ ಆಯುಧಪೂಜೆಗೆ ಅಂತ ಉಜ್ಜಿ ತೆಗೆದುಬಿಟ್ರು.”

ಆಕೆ ಕುರ್ಚಿಯನ್ನು ತಿರುಗಿಸಿದರು. ವಿಭೂತಿಯ ಗೆರೆಗಳು ಇನ್ನೂ ಇದ್ದವು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

“ನಮ್ಮತ್ತೇನೂ ಇಂಥೋರೇ ಕಣ್ರೀ. ಹೊಸ ಫ್ರಿಜ್ಜಿನ ಚೀಟಿ ಕೀಳೋಕೆ ಹೋಗಿ ಬಣ್ಣಾನೇ ಎತ್ತಿದ್ರು. ಆದ್ರೆ ನಾನು ಹೂಂ ಅನ್ನೋ ಹಾಗಿಲ್ಲ. ಕ್ಯಾಪ್ಟನ್ ಒಪ್ಪಿದ್ರೆ ಒಳಗೆ, ಇಲ್ದಿದ್ರೆ ಲಗೇಜು. ಪ್ರಯತ್ನ ಮಾಡೋಣ.”

ಹಾಗೆ ನಾವು ಎಲ್ಲರಿಗಿಂತ ಮೊದಲು ವಿಮಾನ ಹತ್ತಿದೆವು. ಕ್ಯಾಪ್ಟನ್ ಬಂದರು. ಬಿಳಿ ಅಂಗಿ, ಮೀಸೆ. ಕಿಟಕಿ ಪಕ್ಕದ ಸೀಟಿನಲ್ಲಿ ಕುರ್ಚಿ ಇಟ್ಟು, ವಿಮಾನದ ಬೆಲ್ಟನ್ನು ಅದರ ಬೆನ್ನ ಹಿಂದಿನಿಂದ ತೂರಿಸಿ, ಒಂದು ಮಂಡಿ ಊರಿ ಬಿಗಿದು, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಸೀಟು ಅಲ್ಲಾಡಿತು, ಕುರ್ಚಿ ಅಲ್ಲಾಡಲಿಲ್ಲ. ಅವರ ಬೆರಳಿಗೆ ಕುಂಕುಮ ಹತ್ತಿತು. ಅದನ್ನು ಒಮ್ಮೆ ನೋಡಿ, ಇರಲಿ ಎನ್ನುವಂತೆ ತಲೆ ಆಡಿಸಿ ಹೋದರು. ನಾನು ಹತ್ತು ವರ್ಷ ಕಲಿತ ಥ್ಯಾಂಕ್ಯೂಗಳನ್ನೆಲ್ಲ ಒಟ್ಟಿಗೆ ಹೇಳಿದೆ.

ನನ್ನ ಕಷ್ಟ ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಜನ ಹತ್ತಿದರು, ಬಾಗಿಲು ಹಾಕಿದರು, ವಿಮಾನ ಉರುಳತೊಡಗಿತು. ಚಿನ್ನಿ ಅಳತೊಡಗಿದಳು. ಕಟ್ಟಿದ ಕೈಕಾಲು ಬಡಿದು, ಬೆನ್ನು ಬಿಲ್ಲಿನಂತೆ ಮಾಡಿ, “ಎತ್ತೂ! ಅಮ್ಮಾ ಎತ್ತೂ!” ಎಂದು.

“ಎತ್ಕೊಳ್ಳಮ್ಮಾ ಪಾಪ” ಎಂದರು ಹಿಂದಿನ ಸೀಟಿನ ಯಜಮಾನರು. “ಮಗೂನ ಹೀಗೆ ಕಟ್ಟಿ ಹಾಕ್ತಾರಾ?”

ನನ್ನ ಪಕ್ಕದಲ್ಲಿ ಕೂತಿದ್ದ ಬಂಗಾಳಿ ಅಜ್ಜಿ ಅವರ ಭಾಷೆಯಲ್ಲಿ ಏನೋ ಹೇಳಿ ಎರಡು ಕೈಯನ್ನೂ ಚಾಚಿದರು. ಭಾಷೆ ಬಾರದಿದ್ದರೂ ಅರ್ಥವಾಯಿತು, ನನಗಾದರೂ ಕೊಡು ಅಂತ. ಆಚೆ ಸಾಲಿನ ಹೆಂಗಸು ನನ್ನ ಕಡೆ ನೋಡಿದ ನೋಟಕ್ಕೂ ಭಾಷೆ ಬೇಕಿರಲಿಲ್ಲ. ನನ್ನ ಕೈ ತಾನಾಗಿಯೇ ಬೆಲ್ಟಿನ ಬೀಗದ ಮೇಲೆ ಹೋಯಿತು. ಒತ್ತಿದರೆ ಸಾಕು, ಮಗು ತೊಡೆಗೆ ಬರುತ್ತದೆ, ಅಳು ನಿಲ್ಲುತ್ತದೆ, ಇಡೀ ವಿಮಾನ ನನ್ನನ್ನು ಒಳ್ಳೆಯ ತಾಯಿ ಎನ್ನುತ್ತದೆ. ಬೀಗದ ಅರಿಸಿನ ಬೆರಳಿಗೆ ಅಂಟಿತು. ಆಟೋದ ಸೀಟಿನ ಮೇಲೆ ಅಂಗಾತ ಬಿದ್ದಿದ್ದ ಆ ಎರಡು ಕೈಗಳು ಕಣ್ಣಿಗೆ ಬಂದವು. ಒತ್ತಲಿಲ್ಲ.

“ಇಲ್ಲ ಸಾರ್” ಎಂದೆ ಹಿಂದಿನವರಿಗೆ. “ಇದರಲ್ಲೇ ಇರ್ಲಿ.”

ನೋ ಎನ್ನುವುದು ನಾನು ತಿಳಿದಷ್ಟು ಕಷ್ಟವಿರಲಿಲ್ಲ.

ವಿಮಾನ ಮೇಲೇರಿತು. ಆ ಗುಂಯ್‌ಗುಡುವಿಕೆ ಒಂದೇ ಸಮನಾಯಿತು. ನನ್ನ ಹೆಗಲ ಮೇಲೆ ಊರೆಲ್ಲ ನಡೆದರೂ ಕಣ್ಣು ಮುಚ್ಚದ ಹುಡುಗಿ, ಎರಡು ಬಿಕ್ಕು ಬಿಕ್ಕಿ, ಕುರ್ಚಿಯ ಬದಿಗೆ ಕೆನ್ನೆ ಆನಿಸಿ ಮಲಗಿಬಿಟ್ಟಳು. ನಾನು ಬೆಲ್ಟು ಇನ್ನೊಮ್ಮೆ ಎಳೆದು ನೋಡಿದೆ. ಭುಜದ ಹತ್ತಿರ, ಸೊಂಟದ ಹತ್ತಿರ. ಸೆರಗು ಸರಿಮಾಡಿಕೊಂಡೆ. ಚಪಾತಿ ತಿನ್ನಬೇಕು ಎಂದುಕೊಂಡೆ.

ಯಾರೋ ಭುಜ ಮುಟ್ಟಿ ಎಬ್ಬಿಸುತ್ತಿದ್ದರು. ಗಗನಸಖಿ. ವಿಮಾನ ನಿಂತಿತ್ತು. ಸೀಟುಗಳೆಲ್ಲ ಖಾಲಿ. ಕಿಟಕಿಯಲ್ಲಿ ಕಲ್ಕತ್ತಾದ ಬಿಸಿಲು. ನನ್ನ ಬಾಯಿ ತೆರೆದಿತ್ತು, ಗಲ್ಲ ಒದ್ದೆಯಾಗಿತ್ತು, ಕುತ್ತಿಗೆ ಒಂದು ಕಡೆಗೆ ಹಿಡಿದಿತ್ತು. ಊಟ ಬಂದು ಹೋದದ್ದು, ಇಳಿಯುವಾಗ ವಿಮಾನ ಎರಡು ಸಲ ದಡದಡ ಎಂದು ಕುಸಿದು ಜನ ಕೂಗಿಕೊಂಡದ್ದು, ಒಂದೂ ನನಗೆ ಗೊತ್ತಿಲ್ಲ. ಗಗನಸಖಿ ಹೇಳಿದ ಮೇಲೆ ತಿಳಿದದ್ದು. ಗಾಬರಿಯಿಂದ ತಿರುಗಿದೆ. ಚಿನ್ನಿ ಎಲ್ಲಿ ಕಟ್ಟಿದ್ದೆನೋ ಅಲ್ಲೇ ಕೂತು, ಎಚ್ಚರವಾಗಿ, ಬಂಗಾಳಿ ಅಜ್ಜಿ ಕೊಟ್ಟುಹೋದ ಬಿಸ್ಕತ್ತನ್ನು ನೆಕ್ಕುತ್ತಿದ್ದಳು. ಗಗನಸಖಿಗೆ ನನ್ನನ್ನು ಬೆರಳು ಮಾಡಿ ತೋರಿಸಿ, “ಅಮ್ಮ ಜೋಜೋ” ಎಂದಳು, ಸ್ವಲ್ಪ ಗತ್ತಿನಿಂದಲೇ.

ಗುವಾಹಟಿಯಲ್ಲಿ ಇವರು ಬಂದಿದ್ದರು. ಬೆಟ್ಟದ ತಿರುವುಗಳನ್ನೆಲ್ಲ ಸುತ್ತಿ, ಹೊಸ ಮನೆಗೆ ಬಂದು, ಕೆಂಪು ಸ್ವೆಟರು ಹಾಕಿ ಚಿನ್ನಿಯನ್ನು ಇವರ ಕೈಗೆ ಕೊಟ್ಟು, ಒಂಟಿಕೊಪ್ಪಲಿಗೆ ಫೋನು ಮಾಡಿದೆ. ಮೊದಲು ಭಾವನವರು, ವಿಮಾನ ಹೇಗಿತ್ತು ಎಂದರು. ಅವರ ಹೆಂಡತಿ ಚಳಿ ಹೇಗಿದೆ ಎಂದರು. ಆಮೇಲೆ ಅತ್ತೆ. ಫೋನಿನಲ್ಲಿ ಅವರು ಮಾತಾಡುವುದಿಲ್ಲ, ಮೈಸೂರಿನಿಂದ ನೇರವಾಗಿ ಕೂಗುತ್ತಾರೆ.

“ನಿದ್ದೆ ಬಂತೇನೇ?”

“ಹೂಂ ಅತ್ತೆ. ಮೊದಲು ಅತ್ತಳು, ಆಮೇಲೆ ಚೆನ್ನಾಗಿ ಮಲಗಿದಳು.”

“ಅವಳನ್ನಲ್ಲ ಕಣೇ ಕೇಳಿದ್ದು. ನಿಂಗೆ?”

“ಬಂತು ಅತ್ತೆ. ಕಲ್ಕತ್ತಾ ಬಂದದ್ದೂ ಗೊತ್ತಾಗ್ಲಿಲ್ಲ.”

“ಸದ್ಯ” ಎಂದರು ಅತ್ತೆ. ಆಮೇಲೆ ಫೋನನ್ನು ಪಕ್ಕಕ್ಕೆ ಹಿಡಿದು ಒಳಗೆ ಯಾರಿಗೋ ಹೇಳಿದ್ದೂ ಕೇಳಿಸಿತು. “ಮಲಗಿದ್ಲಂತೆ ಕಣ್ರೋ, ಮಲಗಿದ್ಲಂತೆ.”